ಮೂರನೆಯ ಅಧ್ಯಾಯದ ಹೆಂಗಸರು

ಮೈಸೂರು
೯ ಜನವರಿ ೧೯೪೪

ಪೂಜ್ಯ ಅಕ್ಕನವರ ಸನ್ನಿಧಿಗೆ,

ಅಂಜನಮೂರ್ತಿಯ ವಿನಯಪೂರ್ವಕ ವಂದನೆಗಳು. ನಾನು ಆರೋಗ್ಯವಾಗಿದ್ದೇನೆ. ಅವ್ವನ ಮಂಡಿನೋವು ಈ ಚಳಿಗೆ ಹೇಗಿದೆಯೋ ತಿಳಿಸಬೇಕು.

ಈ ಕಾಗದದ ಹಿಂದೆಯೇ ರಿಜಿಸ್ಟರ್ ಟಪಾಲಿನಲ್ಲಿ ಒಂದು ಕಟ್ಟು ಬರುತ್ತದೆ. ರಷ್ಯಾ ದೇಶದ ಕ್ರಾಂತಿಯ ಬಗ್ಗೆ ನಾನು ಮೂರು ವರ್ಷದಿಂದ ಬರೆಯುತ್ತಿದ್ದ ಚರಿತ್ರೆ ಕೊನೆಗೂ ಮುಗಿಯಿತು. ಇಲ್ಲಿನ ಪ್ರಕಟಣ ಸಮಿತಿ ಯುಗಾದಿಯ ಹೊತ್ತಿಗೆ ಸೇರುತ್ತದೆ. ಅವರು ಒಪ್ಪಿದರೆ ಅಚ್ಚಾಗುತ್ತದೆ. ಯುದ್ಧಕಾಲದಲ್ಲಿ ಅಚ್ಚಿನ ಕಾಗದ ಸಿಗುವುದು ಅವರಂಥವರಿಗೆ ಮಾತ್ರ. ಆದರೆ ನನ್ನ ಕೈಬರಹ ಸಮಿತಿಯ ಹಿರಿಯರಿಗೆ ಓದಲಾಗುವುದಿಲ್ಲವಂತೆ. ತಾವು ಬರೆದರೆ ಮುತ್ತು ಪೋಣಿಸಿದ ಹಾಗಿರುತ್ತದೆ. ಮಿಷನ್ ಶಾಲೆಯ ಪಾಠ ಮುಗಿದ ಮೇಲೆ ದಿನಕ್ಕೆ ನಾಲ್ಕು ಹಾಳೆಯಂತೆ ಶುದ್ಧಪ್ರತಿ ಮಾಡಿಕೊಟ್ಟರೆ ನಾನು ಬದುಕಿದೆ.

ಎರಡೇ ಕೋರಿಕೆ. ಒಂದಕ್ಷರವನ್ನೂ ಬದಲಿಸಬಾರದು. ಯಾರಿಗೂ ತೋರಿಸಬಾರದು. ಈಗ ರಷ್ಯಾ ನಮ್ಮ ಸರ್ಕಾರಕ್ಕೆ ಮಿತ್ರ, ನಿಜ. ಕ್ರಾಂತಿ ಮಾತ್ರ ಯಾವ ಸರ್ಕಾರಕ್ಕೂ ಮಿತ್ರನಲ್ಲ.

ಕಾಲೇಜಿನಲ್ಲಿ ಎಲ್ಲರೂ ನನ್ನನ್ನು ಆದರದಿಂದ ಕಾಣುತ್ತಾರೆ. ಆ ಚಿಂತೆ ಬೇಡ.

ತಮ್ಮ ವಿಧೇಯ,
ಅಂಜನಮೂರ್ತಿ


ಜೋಗುಪಾಳ್ಯ, ಹಲಸೂರು
೧೭ ಜನವರಿ ೧೯೪೪

ಅಂಜನಾ,

ಸನ್ನಿಧಿ ಅಂತ ಬರೆಯಬೇಡ. ಸನ್ನಿಧಿ ಇರುವುದು ಗುಡಿಯಲ್ಲಿ, ಗುಡಿಯೊಳಕ್ಕೆ ನಮ್ಮನ್ನು ಬಿಟ್ಟಿಲ್ಲ. ನಾನಿರುವುದು ಜೋಗುಪಾಳ್ಯದ ಎರಡಂಕಣದ ಮನೆಯಲ್ಲಿ, ನೀನು ಅಂಬೆಗಾಲಿಟ್ಟ ಮನೆಯಲ್ಲಿ. ಇನ್ನೊಂದು ಸಲ ನನ್ನನ್ನು ‘ತಾವು’ ಅಂದರೆ ಮೈಸೂರಿಗೆ ರೈಲು ಹತ್ತಿ ಬಂದು ಕಿವಿ ಹಿಂಡುತ್ತೇನೆ. ಅವ್ವನ ಮಂಡಿ ಹಾಗೇ ಇದೆ. ಬಾಯಿ ಚೆನ್ನಾಗಿದೆ.

ಕಟ್ಟು ಬಂತು. ಯಾರಿಗೂ ತೋರಿಸಿಲ್ಲ. ಮೊದಲೆರಡು ಅಧ್ಯಾಯ ಬರೆದು ಮುಗಿಸಿದೆ. ಬೇಸರ ಮಾಡಿಕೊಳ್ಳಬೇಡ, ಆ ಝಾರ್ ಚಕ್ರವರ್ತಿಯ ಅಪ್ಪ, ಅಜ್ಜ, ಮುತ್ತಜ್ಜನ ಕಥೆ ನಲವತ್ತು ಪುಟ ಯಾಕೆ? ಅವರೇನು ನಮಗೆ ಬೀಗರೇ? ಪುಟದ ಕೆಳಗಡೆ ಇರುವೆ ಸಾಲಿನ ಹಾಗೆ ನೀನು ಬರೆದಿರುವ ಅಡಿಟಿಪ್ಪಣಿಗಳನ್ನು ಸದ್ಯಕ್ಕೆ ಬಿಟ್ಟಿದ್ದೇನೆ. ಕಣ್ಣು ನೋಯುತ್ತದೆ.

ಮೂರನೆಯ ಅಧ್ಯಾಯಕ್ಕೆ ಬಂದಾಗ ಕೈ ನಿಂತಿತು. ಆ ದೊಡ್ಡ ಪಟ್ಟಣದ ಹೆಂಗಸರು ಕೊರೆಯುವ ಚಳಿಯಲ್ಲಿ ರೊಟ್ಟಿಗೆ ಸಾಲು ನಿಂತರು, ನಿಂತು ನಿಂತು ಸಾಕಾಗಿ ಫೆಬ್ರವರಿ ಇಪ್ಪತ್ತಮೂರರಂದು ಬೀದಿಗೆ ಇಳಿದರು, ಅಲ್ಲಿಂದ ಕ್ರಾಂತಿ ಶುರುವಾಯಿತು ಅಂತ ಬರೆದಿದ್ದೀಯ. ಅಲ್ಲ ಕಣೋ, ನೀನು ಹೋಗಿದ್ದು ಮೈಸೂರಿಗೆ, ನಮ್ಮ ಹಲಸೂರು ಡಿಪೋ ಮುಂದಿನ ಬೀದಿ ಅಲ್ಲಿಂದ ಕಾಣಿಸುತ್ತದಾ? ಇಲ್ಲಿ ಬುಧವಾರ ಬುಧವಾರ ಶ್ರೀರಾಮಪ್ಪನ ಡಿಪೋದಲ್ಲಿ ರೇಷನ್ ಅಕ್ಕಿ. ಅರ್ಧ ಸಾಲು ಕರಗುವ ಹೊತ್ತಿಗೆ ‘ದಾಸ್ತಾನು ಇಲ್ಲ’ ಅನ್ನುವ ಬೋರ್ಡು ನೇತಾಡುತ್ತದೆ. ಮೂಟೆಗಳು ಹಿಂಬಾಗಿಲಿನಿಂದ ಹೋಟೆಲಿಗೆ ಹೋಗುತ್ತವೆ. ಸಿಕ್ಕ ಅಕ್ಕಿಯನ್ನು ಬೇಯಿಸಿದರೆ ಬೀದಿ ನಾಯಿಯೂ ಮೂಗು ತಿರುಗಿಸುತ್ತದೆ.

ನಮಗೆ ಕೆಲವು ವಿಷಯ ತಿಳಿಯಬೇಕು. ಆ ಹೆಂಗಸರಿಗೆ ಸಂಘ ಇತ್ತಾ? ಗಂಡಸರನ್ನು ಹೇಗೆ ಕರೆದರು? ಪೊಲೀಸರು ಏನು ಮಾಡಿದರು? ಬೇಗ ಬರೆ.

ಅಕ್ಕ


ಮೈಸೂರು
೨೪ ಜನವರಿ ೧೯೪೪

ಪ್ರೀತಿಯ ಅಕ್ಕ,

ನಿನ್ನ ಪ್ರಶ್ನೆಗಳನ್ನು ಓದಿ ಸಂತೋಷಕ್ಕೆ ಕೋಣೆಯಲ್ಲೇ ನಾಲ್ಕು ಸುತ್ತು ಹಾಕಿದೆ. ಚರಿತ್ರೆಯಲ್ಲಿ ನಿನಗೆ ಇಂಥ ಆಸಕ್ತಿ ಇದೆಯೆಂದು ನನಗೆ ತಿಳಿದಿರಲಿಲ್ಲ. ‘ನಮಗೆ ತಿಳಿಯಬೇಕು’ ಎಂದು ಬಹುವಚನದಲ್ಲಿ ಬರೆಯುವ ವಿದ್ವಾಂಸರ ಪದ್ಧತಿಯೂ ನಿನಗೆ ಬಂದುಬಿಟ್ಟಿದೆ.

ಅಧ್ಯಾಯದ ಮುಂದಿನ ಹಾಳೆಗಳಲ್ಲಿ ಎಲ್ಲ ಇದೆ, ಆದರೂ ಹೇಳುತ್ತೇನೆ. ಸಂಘಗಳು ಇದ್ದವು. ಆದರೆ ಅವತ್ತು ಸುಮ್ಮನಿರಿ, ಇನ್ನೂ ಕಾಲ ಬಂದಿಲ್ಲ ಎಂದೇ ಸಂಘದ ಗಂಡಸರು ಹೇಳಿದ್ದರು. ಬಟ್ಟೆ ಗಿರಣಿಯ ಹೆಂಗಸರು ಕೇಳಲಿಲ್ಲ. ಪಕ್ಕದ ಕಬ್ಬಿಣದ ಕಾರ್ಖಾನೆಗೆ ಹೋಗಿ ಕಿಟಕಿಗಳಿಗೆ ಹಿಮದ ಉಂಡೆ ಕಟ್ಟಿ ಎಸೆದು, ಬನ್ನಿ ಹೊರಗೆ ಎಂದು ಕೂಗಿ ಗಂಡಸರನ್ನು ಕರೆದರು. ಕುದುರೆ ಸವಾರರನ್ನು ಅವರ ಮೇಲೆ ಬಿಟ್ಟರು. ಬಹಳ ಕಡೆ ಸವಾರರು ಕತ್ತಿ ಎತ್ತಲಿಲ್ಲ. ಜನ ಕುದುರೆಗಳ ಹೊಟ್ಟೆಯಡಿ ನುಸುಳಿ ಆಚೆ ಹೋದರು. ಒಂದು ವಾರ ದಾಟುವುದರೊಳಗೆ ಝಾರ್ ಸಿಂಹಾಸನ ಬಿಟ್ಟ.

ಒಂದು ಸಣ್ಣ ವಿಷಯ. ಸಮಿತಿಯ ಅಧ್ಯಕ್ಷರು ನನ್ನನ್ನು ಕರೆಸಿ, ಪುಸ್ತಕದ ಸಾರಾಂಶ ಕೇಳಿ, ಮೂರನೆಯ ಅಧ್ಯಾಯವನ್ನು ಒಂದು ಪ್ಯಾರಾಕ್ಕೆ ಇಳಿಸುವುದು ಒಳ್ಳೆಯದು ಎಂದರು. ಚರಿತ್ರೆ ಎಂದರೆ ದೊರೆ, ಮಂತ್ರಿ, ಸೈನ್ಯ, ಒಪ್ಪಂದ. ರೊಟ್ಟಿಯ ಸಾಲು, ಹಿಮದ ಉಂಡೆ ಇವೆಲ್ಲ ಹೆಂಗಸರ ಹರಟೆಯಂತೆ. ಆದ್ದರಿಂದ ಸದ್ಯ ಮೂರನೆಯದನ್ನು ಬಿಟ್ಟು ನಾಲ್ಕಕ್ಕೆ ಹೋಗು.

ನಿನ್ನ,
ಅಂಜನ


ಜೋಗುಪಾಳ್ಯ
೧ ಫೆಬ್ರವರಿ ೧೯೪೪

ಅಂಜನಾ,

ಮೊದಲೆರಡು ಅಧ್ಯಾಯದ ಪ್ರತಿಯನ್ನು ಟಪಾಲಿಗೆ ಹಾಕಿದ್ದೇನೆ. ನಾಲ್ಕಕ್ಕೆ ಹೋಗುವುದಿಲ್ಲ. ಎರಡಾದ ಮೇಲೆ ಮೂರು ಬರುತ್ತದೆ, ನಮ್ಮ ಶಾಲೆಯಲ್ಲಿ ಶಿಶುವರ್ಗಕ್ಕೆ ಅದನ್ನೇ ಹೇಳಿಕೊಡುತ್ತೇನೆ.

ಆ ಅಧ್ಯಕ್ಷರ ಮನೆಯಲ್ಲಿ ಅನ್ನ ಯಾರು ಮಾಡುತ್ತಾರೆ ಕೇಳು. ಮಂತ್ರಿ ಮಾಡುತ್ತಾನಾ? ಒಪ್ಪಂದ ಮಾಡುತ್ತದಾ? ಉಂಡು ಕೈ ತೊಳೆದವನಿಗೆ ಅನ್ನ ಚರಿತ್ರೆ ಅಲ್ಲ. ಉಣ್ಣದವನಿಗೆ ಅದೊಂದೇ ಚರಿತ್ರೆ.

ಇನ್ನೊಂದು ಮಾತು. ‘ಎಲ್ಲರೂ ಆದರದಿಂದ ಕಾಣುತ್ತಾರೆ’ ಅಂತ ಬರೆದೆಯಲ್ಲ, ಅಷ್ಟು ನೆಟ್ಟಗೆ ನೀನು ಯಾವತ್ತೂ ಬರೆಯುವವನಲ್ಲ. ಕಾಲೇಜಿನಲ್ಲಿ ನಿನ್ನ ನೀರಿನ ಲೋಟ ಬೇರೆ ಇಟ್ಟಿದ್ದಾರಾ? ಇಟ್ಟಿದ್ದರೆ ತಿಳಿದುಕೋ: ಲೋಟ ಬೇರೆ ಇಡುವವರು ಅಧ್ಯಾಯವನ್ನೂ ಬೇರೆ ಇಡುತ್ತಾರೆ.

ಆ ಫೆಬ್ರವರಿ ಇಪ್ಪತ್ತಮೂರು ಖಚಿತವಾ? ಸರಿಯಾಗಿ ನೋಡಿ ಹೇಳು. ಸುಮ್ಮನೆ ಕೇಳುತ್ತಿದ್ದೇನೆ.

ಹಿಮದ ಉಂಡೆ ಅಂದರೆ ಏನು ಅನ್ನುವುದಕ್ಕೆ ಇಲ್ಲಿ ದೊಡ್ಡ ಜಗಳವೇ ಆಯಿತು. ಬೈರಮ್ಮ ಗೊತ್ತಲ್ಲ, ಹಲಸೂರು ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುವವಳು, ಅವಳು ಅದನ್ನು ಐಸ್‌ಗಡ್ಡೆ ಅಂದಳು. ಮೀನಿನಂಗಡಿಯಲ್ಲಿ ಇಡುತ್ತಾರಲ್ಲ, ಅದು. ಅವಳಿಗೆ ನಾನೇನೂ ತೋರಿಸಿಲ್ಲ, ನೀನು ಗಾಬರಿಯಾಗಬೇಡ.

ಅಕ್ಕ


ಮೈಸೂರು
೮ ಫೆಬ್ರವರಿ ೧೯೪೪

ಅಕ್ಕ,

ಹಟ ಬೇಡ. ಪುಸ್ತಕವೇ ಬಾರದಿರುವುದಕ್ಕಿಂತ ಒಂದು ಅಧ್ಯಾಯ ಇಲ್ಲದೆ ಬರುವುದು ಮೇಲಲ್ಲವೇ? ಹೇಳಬಾರದೆಂದಿದ್ದೆ: ನನ್ನ ಕೆಲಸ ಖಾಯಂ ಆಗಬೇಕೋ ಬೇಡವೋ ಎಂಬುದರಲ್ಲೂ ಅದೇ ಅಧ್ಯಕ್ಷರ ಮಾತೇ ಮಾತು. ನಮ್ಮ ಕೇರಿಯಿಂದ ಕಾಲೇಜಿಗೆ ಪಾಠ ಹೇಳಲು ಬಂದವನು ನಾನೊಬ್ಬ. ಒಂದು ಹಿಮದ ಉಂಡೆಗಾಗಿ ಅದನ್ನು ಕಳೆದುಕೊಳ್ಳಲೇ?

ನೀನು ಕೇಳಿದ್ದಕ್ಕೆ ಮತ್ತೆ ನೋಡಿದೆ. ಫೆಬ್ರವರಿ ಇಪ್ಪತ್ತಮೂರು. ಮೂರು ಗ್ರಂಥಗಳಲ್ಲೂ ಅದೇ ಇದೆ. ತಾರೀಖಿನಲ್ಲಿ ನಾನು ತಪ್ಪುವವನಲ್ಲ.

ಅಂಜನ


ಮೈಸೂರು
೨೧ ಫೆಬ್ರವರಿ ೧೯೪೪

ಅಕ್ಕ,

ನಿನ್ನಿಂದ ಕಾಗದವಿಲ್ಲ. ಕೋಪವೇ? ಅವ್ವನಿಗೆ ಹುಷಾರಿಲ್ಲವೇ? ಇಲ್ಲಾ ಇಷ್ಟು ವರ್ಷ ಬೇಡವೆಂದ ಮದುವೆಗೆ ಒಪ್ಪಿಬಿಟ್ಟೆಯಾ? ಒಂದು ಕಾರ್ಡಾದರೂ ಹಾಕು.

ಅಂಜನ


ಜೋಗುಪಾಳ್ಯ
೨೬ ಫೆಬ್ರವರಿ ೧೯೪೪

ಅಂಜನಾ,

ಎಲ್ಲರೂ ಕ್ಷೇಮ. ಮದುವೆ ಇಲ್ಲ. ಮೂರನೆಯ ಅಧ್ಯಾಯ ಬೇಡ, ನೀನು ಹೇಳಿದ್ದೇ ಸರಿ. ಹಿಮದ ಉಂಡೆ ಬಿಸಿಲಿಗೆ ಕರಗುವ ವಸ್ತು. ನಾಲ್ಕನೆಯದನ್ನು ಶುರು ಮಾಡುತ್ತೇನೆ.

ಅಕ್ಕ


ಮೈಸೂರು
೨೯ ಫೆಬ್ರವರಿ ೧೯೪೪

ಪ್ರೀತಿಯ ಅಕ್ಕ,

ನಿನ್ನ ಕಾರ್ಡು ಬಂತು. ಕೊನೆಗೂ ನನ್ನ ಕಷ್ಟವನ್ನು ಅರ್ಥ ಮಾಡಿಕೊಂಡೆ. ಗೆದ್ದೆ ಎಂದುಕೊಂಡು ಕಾಫಿ ಕುಡಿಯಲು ಹೊರಟೆ, ಯಾಕೋ ಕಾಫಿ ರುಚಿಸಲಿಲ್ಲ. ನೀನು ಬೈಯದೆ ಬರೆದ ಕಾಗದ ಇದೇ ಮೊದಲು.

ನೀನು ಕಳಿಸಿದ ಪ್ರತಿಯನ್ನು ತಿದ್ದುತ್ತಿದ್ದೇನೆ. ಅಕ್ಷರ ನೋಡಿ ಕಣ್ಣು ತುಂಬಿತು. ಆದರೆ ಅಡಿಟಿಪ್ಪಣಿಗಳನ್ನೆಲ್ಲ ಬಿಟ್ಟಿದ್ದೀಯ. ಬೇರೆಯವು ಹೋಗಲಿ, ಮೊದಲ ಅಧ್ಯಾಯದ ಏಳನೆಯ ಟಿಪ್ಪಣಿಯನ್ನು ಖಂಡಿತ ಸೇರಿಸಬೇಕು, ಇಲ್ಲವಾದರೆ ತಾರೀಖುಗಳೆಲ್ಲ ಅಡಿಮೇಲಾಗುತ್ತವೆ. ಆ ಕಾಲದ ರಷ್ಯಾ ಹಳೆಯ ಪಂಚಾಂಗವನ್ನು ಪಾಲಿಸುತ್ತಿತ್ತು. ಅದು ನಮ್ಮ ಕ್ಯಾಲೆಂಡರಿಗಿಂತ ಹದಿಮೂರು ದಿನ ಹಿಂದೆ. ಅವರು ಫೆಬ್ರವರಿ ಇಪ್ಪತ್ತಮೂರು ಎಂದ ದಿನ, ಉಳಿದ ಲೋಕಕ್ಕೆಲ್ಲ ಮಾರ್ಚಿ ಎಂಟು. ಹಾಗಾಗಿ ಆ ಒಂದು ಪ್ಯಾರಾದಲ್ಲಿ ‘ಮಾರ್ಚಿ ೮’ ಎಂದೇ ಹಾಕಿಬಿಡು. ಸಣ್ಣ ತಿದ್ದುಪಡಿ, ಆದರೂ ಚರಿತ್ರೆಕಾರನ ಮರ್ಯಾದೆಯ ಪ್ರಶ್ನೆ.

ಅಂಜನ


ಜೋಗುಪಾಳ್ಯ
೩ ಮಾರ್ಚಿ ೧೯೪೪

ಎಲಾ ಪಾಪಿ,

ಇದನ್ನು ಈಗ ಹೇಳುತ್ತೀಯಾ?

ಕೂತುಕೋ. ಕೂತು ಓದು. ನೀನು ಯಾರಿಗೂ ತೋರಿಸಬೇಡ ಅಂದೆ, ತೋರಿಸಲಿಲ್ಲ. ಓದಿ ಹೇಳಬೇಡ ಅಂದಿರಲಿಲ್ಲ. ಸಂಕ್ರಾಂತಿಯಿಂದ ದಿನಾ ಸಂಜೆ ನಮ್ಮ ಜಗಲಿಯ ಮೇಲೆ ನಿನ್ನ ಚರಿತ್ರೆ ನಡೆಯುತ್ತಿದೆ. ಬೈರಮ್ಮ ಸೊಪ್ಪಿನ ಬುಟ್ಟಿ ಇಳಿಸಿ ಬರುತ್ತಾಳೆ. ಹಿಂದಿನ ಬೀದಿಯ ಉಮ್ಮೆ ಕುಲ್ಸುಂ ಬರುತ್ತಾಳೆ, ಮಿಲಿಟರಿ ಡೇರೆ ಹೊಲಿಯುವ ಶೆಡ್ಡಿನಲ್ಲಿ ದುಡಿಯುವವಳು. ಇಡೀ ಸಾಲಿನ ಹೆಂಗಸರು ಬರುತ್ತಾರೆ. ಝಾರ್‌ನ ಮುತ್ತಜ್ಜ ಬಂದಾಗ ಎಲ್ಲರೂ ಆಕಳಿಸಿದರು. ಮೂರನೆಯ ಅಧ್ಯಾಯವನ್ನು ನಾಲ್ಕು ಸಲ ಓದಿಸಿದರು. ಅಡಿಟಿಪ್ಪಣಿ ಯಾರು ಓದುತ್ತಾರೆ ಗಟ್ಟಿಯಾಗಿ? ಕಥೆ ಕೇಳಲು ಬಂದವರಿಗೆ ಏಳನೇ ನಂಬರು ಓದಲಾ?

ಫೆಬ್ರವರಿ ಇಪ್ಪತ್ತಮೂರು ಬುಧವಾರವೇ ಬಂತು. ಅಕ್ಕಿ ದಿನ. ಬೈರಮ್ಮ, “ನೋಡಕ್ಕ, ದಿನಾನೇ ಕೂಡಿ ಬಂದೈತೆ, ಇದ್ಕಿಂತ ಮುಹೂರ್ತ ಬೇಕಾ” ಅಂದಳು. ಹೋದೆವು. ಡಿಪೋ ಮುಂದೆ ನಿಂತು ಕೂಗಿದೆವು. ಶ್ರೀರಾಮಪ್ಪ ಎಲೆಅಡಿಕೆ ಉಗಿದು, ಬೋರ್ಡು ನೇತು ಹಾಕಿ, ಬಾಗಿಲು ಎಳೆದುಕೊಂಡು ಒಳಗೆ ಮಲಗಿದ. ಪೊಲೀಸಿನವನು ಬಂದು ಲಾಠಿ ತೋರಿಸಿದ. ಡೇರೆ ಶೆಡ್ಡಿನ ಗಂಡಸರು ಬಾಗಿಲಲ್ಲಿ ನಿಂತು ನೋಡಿದರು, ಬರಲಿಲ್ಲ. ಅವರನ್ನು ಕರೆಯುವುದನ್ನೇ ಗಲಾಟೆಯಲ್ಲಿ ಮರೆತಿದ್ದೆವು. ಬರಿಗೈಲಿ ಮನೆಗೆ ಬಂದೆವು. ಮಾರನೆ ದಿನದಿಂದ ಹಲಸೂರಿನ ಪಡ್ಡೆಗಳೆಲ್ಲ, “ಏನ್ ಟೀಚರಮ್ಮ, ರಷ್ಯಾ ಗಾಡಿ ಬಂತಾ, ಲೇಟಾ?” ನನಗೆ ಮುಖ ಎತ್ತಿ ನಡೆಯಲಾಗಲಿಲ್ಲ. ಜಗಲಿಗೆ ಯಾರೂ ಬರಲಿಲ್ಲ. ಆ ಕಾರ್ಡು ನಿನಗೆ ಬರೆದದ್ದು ಆಗ. ನಿನ್ನ ಹೆಂಗಸರು ಬರೀ ಪುಸ್ತಕದ ಹೆಂಗಸರು ಅಂತ ನನಗೂ ಅನ್ನಿಸಿಬಿಟ್ಟಿತ್ತು.

ನಿನ್ನೆ ನಿನ್ನ ಕಾಗದ ಬಂತು. ಓದಿದೆ, ತಲೆಗೆ ರಕ್ತ ಏರಿತು. ನಿನ್ನನ್ನು ಶಪಿಸುವುದಕ್ಕೆ ಜೊತೆ ಬೇಕಾಗಿ ಬೈರಮ್ಮನನ್ನೂ ಕುಲ್ಸುಂನನ್ನೂ ಕರೆದೆ. ತಾರೀಖೇ ತಪ್ಪಂತೆ, ನಮ್ಮ ಲೆಕ್ಕಕ್ಕೆ ಅದು ಮಾರ್ಚಿ ಎಂಟಂತೆ ಅಂದೆ. ಅವರು ನಿನ್ನನ್ನು ಬೈಯುತ್ತಾರೆ ಅಂದುಕೊಂಡಿದ್ದೆ.

ಕುಲ್ಸುಂ ತಣ್ಣಗೆ, “ಅದ್ರಲ್ಲೇನಿದೆ ಅಕ್ಕಾ, ನಮ್ದೂ ಹಂಗೇ. ಚಾಂದ್ ಕಾಣ್ಲಿಲ್ಲ ಅಂದ್ರೆ ಹಬ್ಬ ನಾಳೆಗೆ ಹೋಗ್ತದೆ. ಹಬ್ಬ ಸುಳ್ಳಾಗ್ತದಾ?” ಅಂದಳು.

ಬೈರಮ್ಮ ಹೇಳಿದಳು: “ನಮ್ಮ ಬೀದೀಲಿ ಯುಗಾದಿ ಒಂದಿನ, ತಮಿಳ್ನೋರ ಹೊಸವರ್ಸ ಇನ್ನೊಂದಿನ, ಚರ್ಚಿನೋರ್ದು ಮತ್ತೊಂದಿನ. ರಷ್ಯಾದೋರ್ದು ಒಂದ್ ಜಾಸ್ತಿ ಆಯ್ತು, ಅಷ್ಟೇ. ಅಂಗಾದ್ರೆ ನಾವು ಸೋತಿಲ್ಲ ಕಣಕ್ಕ. ಮದ್ವೆಗೆ ಮುಂಚೇನೇ ಊಟಕ್ಕೆ ಹೋಗಿದ್ವಿ, ಎಲೆ ಹಾಕಿರ್ಲಿಲ್ಲ.”

ನಾನು ನಕ್ಕೆ. ಎಂಟು ದಿನದಿಂದ ನಕ್ಕಿರಲಿಲ್ಲ. ಗೋಡೆಯ ಕ್ಯಾಲೆಂಡರು ನೋಡಿದೆವು. ಮಾರ್ಚಿ ಎಂಟೂ ಬುಧವಾರ. ಅಧಿಕ ವರ್ಷವಾದ್ದರಿಂದ ಹಾಗೆ ಬಂದಿದೆ, ನೀನೇ ಲೆಕ್ಕ ಹಾಕು. ದಿನ ಇನ್ನೂ ಬಂದಿಲ್ಲ ಅಂಜನಾ. ಜಗಲಿ ಮತ್ತೆ ತುಂಬಿದೆ. ಗಂಡಸರನ್ನು ಕರೆಯುವ ಭಾಗವನ್ನು ನಿನ್ನೆ ಎರಡು ಸಲ ಓದಿದೆ. ಹಿಮ ಎಲ್ಲಿಂದ ತರುವುದು ಅನ್ನುವುದೊಂದು ಉಳಿದಿದೆ.

ನಾಲ್ಕನೆಯ ಅಧ್ಯಾಯ ಕಾಯಲಿ.

ಅಕ್ಕ


ಮೈಸೂರು
೬ ಮಾರ್ಚಿ ೧೯೪೪

ಅಕ್ಕಾ,

ದಯವಿಟ್ಟು ಬೇಡ. ಇದು ಯುದ್ಧದ ಕಾಲ. ಐದು ಜನ ಸೇರಿದರೆ ಹಿಡಿದು ಒಳಗೆ ಹಾಕುವ ಕಾಯ್ದೆ ಇದೆ. ದಂಡು ಪ್ರದೇಶದಲ್ಲಿ ಇನ್ನೂ ಬಿಗಿ. ನಿನ್ನ ಕೆಲಸ ಹೋಗುತ್ತದೆ. ನಾನು ಬರೆದದ್ದು ಚರಿತ್ರೆ, ಪಂಚಾಂಗವಲ್ಲ, ನೋಡಿಕೊಂಡು ಹಾಗೆಯೇ ನಡೆಯುವುದಕ್ಕೆ. ಚರಿತ್ರೆ ಎರಡನೆಯ ಸಲ ಹಾಗೆಯೇ ನಡೆಯುವುದಿಲ್ಲ.

ನಿನಗೆ ಹೇಗೆ ಗೊತ್ತಾಯಿತೋ ತಿಳಿಯದು. ಹೌದು, ಲೋಟ ಬೇರೆ ಇದೆ. ಅಧ್ಯಾಪಕರ ಕೋಣೆಯ ಕಿಟಕಿಯಲ್ಲಿ, ಮೊದಲ ದಿನದಿಂದ. ಅದರಲ್ಲೇ ಕುಡಿಯುತ್ತಿದ್ದೇನೆ. ಖಾಯಂ ಆದ ಮೇಲೆ ಕೇಳೋಣವೆಂದಿದ್ದೆ.

ಹೋಗಬೇಡ ಅಕ್ಕ. ಹೋದರೆ, ಮುಂದೆ ನಿಲ್ಲಬೇಡ.

ಅಂಜನ


ಜೋಗುಪಾಳ್ಯ
೯ ಮಾರ್ಚಿ ೧೯೪೪

ಅಂಜನಾ,

ನಿನ್ನ ಕಾಗದ ಇವತ್ತು ಬೆಳಿಗ್ಗೆ ಬಂತು. ಟಪಾಲಿನವನಿಗೆ ಒಳ್ಳೆಯದಾಗಲಿ, ಒಂದು ದಿನ ತಡ ಮಾಡಿದ.

ಮೈಸೂರು ದೂರ, ಅದಕ್ಕೇ ಬರೆಯುತ್ತಿದ್ದೇನೆ. ಇಲ್ಲದಿದ್ದರೆ ಜಗಲಿಯಿಂದ ಕೂಗಿಯೇ ಹೇಳುತ್ತಿದ್ದೆ.

ಹಿಮಕ್ಕೆ ದಾರಿ ತೋರಿಸಿದವಳು ಅವ್ವ. ಮೂಲೆಯಲ್ಲಿ ಮಂಡಿ ನೀವಿಕೊಳ್ಳುತ್ತ ಕೂತಿದ್ದವಳು, “ಆ ನಾತದ ಅಕ್ಕೀನೇ ಬೇಯ್ಸಿ ಮುದ್ದೆ ಕಟ್ರವ್ವ. ತಿನ್ನಕ್ಕಾಗಲ್ಲ, ಎಸೆಯಕ್ಕಾದ್ರೂ ಆಯ್ತದೆ” ಅಂದಳು. ಬುಧವಾರ ಬೆಳಿಗ್ಗೆ ಇಡೀ ಜೋಗುಪಾಳ್ಯ ನಾರಿತು. ಮಧ್ಯಾಹ್ನ ಊಟದ ಬಿಡುವಿನಲ್ಲಿ ಬುಟ್ಟಿ ಹೊತ್ತುಕೊಂಡು ಡೇರೆ ಶೆಡ್ಡಿಗೆ ಹೋದೆವು. ಶೆಡ್ಡಿಗೆ ಕಿಟಕಿ ಇಲ್ಲ, ತಗಡಿನ ಸೂರು. ಬೈರಮ್ಮ ಸೆರಗು ಸಿಕ್ಕಿಸಿ ಮೊದಲನೆಯದನ್ನು ಬೀಸಿದಳು. ಆಮೇಲೆ ಎಲ್ಲರೂ. ಮದ್ದಳೆ ಬಾರಿಸಿದ ಹಾಗಾಯಿತು.

ದರ್ಜಿಗಳೆಲ್ಲ ಓಡಿ ಬಂದರು. “ಏನ್ರೀ ಇದು, ಕೋತಿ ಬಂದ್ವಾ?”

ಒಳಗಿಂದಲೇ ಬಂದ ಕುಲ್ಸುಂ ಒಂದು ಉಂಡೆ ಎತ್ತಿ ಅವರ ಹಿರಿಯ ಖಾದರ್ ಸಾಬರ ಕೈಗಿಟ್ಟಳು. “ಕೋತಿ ಅಲ್ಲ ಚಾಚಾ, ನಿಮ್ಮನೆಗೂ ನಮ್ಮನೆಗೂ ಬರೋ ಅಕ್ಕಿ ಇದು. ಮೂಸಿ ನೋಡಿ. ಮೀಲಾದ್ ಹಬ್ಬಕ್ಕೆ ಬಿರಿಯಾನಿ ಇದ್ರಲ್ಲೇ ಮಾಡೋದಾ?”

ಖಾದರ್ ಸಾಬರು ಮೂಸಿದರು. ಕೈಯಲ್ಲಿದ್ದ ಗಜಕೋಲು ಒಳಗಿಟ್ಟು, ಟೋಪಿ ಸರಿ ಮಾಡಿಕೊಂಡು ನಮ್ಮ ಮುಂದೆ ನಡೆದರು. ಶೆಡ್ಡೇ ಖಾಲಿಯಾಯಿತು.

ಈ ಸಲ ನಾವು ಕೂಗಲಿಲ್ಲ. ಸುಮ್ಮನೆ ಸಾಲು ನಿಂತೆವು. ಇದು ನಮ್ಮದೇ ಬುದ್ಧಿ, ನಿನ್ನ ಪುಸ್ತಕದ್ದಲ್ಲ. ಹೋದ ಸಲ ಗುಂಪು ಕಟ್ಟಿ ಲಾಠಿ ನೋಡಿದ್ದೆವಲ್ಲ. ಸಾಲು ಡಿಪೋ ಬಾಗಿಲಿನಿಂದ ಬಜಾರು ಬೀದಿ ಮುಗಿಸಿ, ದೊಡ್ಡ ರಸ್ತೆಗೆ ಅಡ್ಡಲಾಗಿ ಕೆರೆ ಏರಿಯ ತನಕ ಹೋಯಿತು. ಅದೇ ಪೊಲೀಸಿನವನು ಬಂದ.

“ಐದು ಜನಕ್ಕಿಂತ ಜಾಸ್ತಿ ಸೇರ್ಬಾರ್ದು ಅಂತ ಹುಕುಂ ಇರೋದು ಗೊತ್ತಿಲ್ವಾ?”

“ಎಲ್ಲಿ ಸೇರಿದೀವಿ ಸ್ವಾಮಿ? ಒಬ್ರಿಂದೆ ಒಬ್ರು ನಿಂತಿದೀವಿ” ಅಂದಳು ಬೈರಮ್ಮ. “ಅಲ್ಲಿ ಬೋರ್ಡ್ ಹಾಕವ್ರಲ್ಲ, ಓದಿ. ನಂಗೆ ಓದಕ್ಕೆ ಬರಲ್ಲ, ಟೀಚರಮ್ಮ ಹೇಳ್ಕೊಟ್ಟವ್ರೆ. ಸಾಲಿನಲ್ಲಿ ನಿಲ್ಲತಕ್ಕದ್ದು. ಅದೂ ಸರ್ಕಾರದ ಹುಕುಮ್ಮೇ ಅಲ್ವಾ?”

ಅವನು ಬೋರ್ಡು ಓದಿದ. ಮತ್ತೆ ಓದಿದ. ಲಾಠಿಯಿಂದ ಬೆನ್ನು ಕೆರೆದುಕೊಂಡ.

ಅಷ್ಟರಲ್ಲಿ ಮಿಲಿಟರಿ ಲಾರಿಗಳು ಬಂದವು. ರಸ್ತೆಗೆ ಅಡ್ಡ ನಮ್ಮ ಸಾಲು. ಹಾರ್ನು ಹೊಡೆದರು, ನಾವು ಬಿಡಲಿಲ್ಲ. ಬಿಟ್ಟರೆ ಜಾಗ ಹೋಗುತ್ತದಲ್ಲ. ಗೋರಾ ಸಾರ್ಜೆಂಟು ಕೆಂಪಗೆ ಇಳಿದು ಬಂದ. ಓಡಿಹೋಗೋಣ ಅನ್ನಿಸಿತು ಅಂಜನಾ, ಬೇರೆಯವರ ಹತ್ತಿರ ಹೇಳಬೇಡ. ನೀನು ಮುಂದೆ ನಿಲ್ಲಬೇಡ ಅಂದದ್ದು ಆಗ ನನಗೆ ತಲುಪಿರಲಿಲ್ಲ, ತಲುಪಿದ್ದರೂ ಇಂಗ್ಲಿಷು ಬರುತ್ತಿದ್ದದ್ದು ನನಗೊಬ್ಬಳಿಗೆ. ನಿಮ್ಮ ಸೈನಿಕರಿಗೆ ಡೇರೆ ಹೊಲಿಯುವವರು ಇವರು, ಇವರ ಊಟ ಇದು ಅಂತ ಒಂದು ಉಂಡೆ ಕೊಟ್ಟೆ. ಅವನೂ ಮೂಸಿದ. ಅವನ ಭಾಷೆಯಲ್ಲಿ ಅವನು ಅಂದದ್ದನ್ನು ಮಿಷನ್ ಶಾಲೆಯ ಟೀಚರು ಬರೆಯುವ ಹಾಗಿಲ್ಲ. ನಮಗೆ ದಾರಿ ಬಿಡು, ನಿಮಗೆ ರೇಷನ್ ಅಧಿಕಾರಿಯನ್ನು ತರಿಸುತ್ತೇನೆ ಅಂದ. ಅಧಿಕಾರಿ ಬಂದ ಮೇಲೆ ದಾರಿ ಅಂದೆ. ತರಿಸಿದ.

ಅಧಿಕಾರಿ ಬಂದಾಗ ಶ್ರೀರಾಮಪ್ಪ ಕೈಮುಗಿದು, “ದಾಸ್ತಾನಿಲ್ಲ ಮಹಾಸ್ವಾಮಿ, ಎಲ್ಲಾ ಹಂಚಿಬಿಟ್ಟೆ” ಅಂದ.

“ಇರ್ಬೋದು” ಅಂದಳು ಬೈರಮ್ಮ. “ಹಿಂಬಾಗ್ಲಲ್ಲೂ ಒಂದು ಸಾಲು ಬಿಟ್ಟಿದೀವಿ ಸ್ವಾಮಿ. ಬೆಳಿಗ್ಗೆಯಿಂದ ಅಲ್ಲಿಂದ ಒಂದು ಇಲೀನೂ ಆಚೆ ಹೋಗಿಲ್ಲ. ಒಳಗೆ ಏನೈತೋ ನೋಡ್ಬಿಡಿ.”

ಒಳಗೆ ಮೂಟೆಗಳು ಸೂರು ಮುಟ್ಟುತ್ತಿದ್ದವು. ಒಳ್ಳೆಯ ಅಕ್ಕಿ. ತಕ್ಕಡಿಯನ್ನು ಮುಂಬಾಗಿಲಿಗೆ ತರಿಸಿದರು. ಸಾಲಿನ ಕೊನೆಯವಳಿಗೆ ಸಿಗುವ ತನಕ ತೂಗಿದರು. ರಷ್ಯಾದಲ್ಲಿ ಝಾರ್ ಬಿದ್ದ ಅಂತ ಬರೆದಿದ್ದೀಯ. ಶ್ರೀರಾಮಪ್ಪ ಬಿದ್ದಿಲ್ಲ. ಮುಂಬಾಗಿಲಲ್ಲಿ ಕೂತಿದ್ದಾನೆ, ಅವನ ಪಕ್ಕ ಅಧಿಕಾರಿಯ ಜವಾನ ಕೂತಿದ್ದಾನೆ. ನಮಗೆ ಸದ್ಯಕ್ಕೆ ಅಷ್ಟು ಸಾಕು.

ಶಾಲೆಯ ದೊಡ್ಡಮ್ಮನವರು, ನಮ್ಮ ಹೆಡ್‌ಮಿಸ್ಟ್ರೆಸ್ಸು, ಇವತ್ತು ನನ್ನನ್ನು ಕರೆಸಿದರು. ಕೆಲಸ ಹೋಯಿತು ಅಂದುಕೊಂಡೆ. ಬಾಗಿಲು ಹಾಕಿ, ತಮ್ಮ ಮನೆಯ ಆಯಾಳಿಗೂ ಇನ್ನು ಒಳ್ಳೆಯ ಅಕ್ಕಿ ಸಿಗುತ್ತದೆಯೇ ಅಂತ ಕೇಳಿದರು.

ಮೂರನೆಯ ಅಧ್ಯಾಯದ ಪ್ರತಿ ನಿನ್ನೆ ರಾತ್ರಿಯೇ ಮುಗಿಯಿತು. ಒಂದಕ್ಷರ ಬದಲಿಸಿಲ್ಲ. ಏಳನೆಯ ಟಿಪ್ಪಣಿಯನ್ನೂ ಸೇರಿಸಿದ್ದೇನೆ. ಕಳಿಸುತ್ತಿದ್ದೇನೆ. ಅದನ್ನು ಕೊಡುವುದು ಬಿಡುವುದು ನಿನ್ನ ಇಷ್ಟ. ಕೆಲಸ ನಿನ್ನದು, ಹೊಟ್ಟೆ ನಿನ್ನದು. ನಾನು ಈ ಸಲ ಬೈಯುವುದಿಲ್ಲ.

ಅಕ್ಕ


ಮೈಸೂರು
೧೪ ಮಾರ್ಚಿ ೧೯೪೪

ಅಕ್ಕಾ,

ನಿನ್ನ ಕಾಗದವನ್ನು ಓದಿ, ಅಧ್ಯಾಪಕರ ಕೋಣೆಯಲ್ಲಿ ಒಬ್ಬನೇ ಗಟ್ಟಿಯಾಗಿ ನಕ್ಕೆ. ಎಲ್ಲರೂ ತಿರುಗಿ ನೋಡಿದರು. ಆ ಹೊತ್ತಿಗೆ ನೀರಿನ ಹೂಜಿಯ ಮುಂದೆ ನಾಲ್ಕು ಜನ ಲೋಟ ಹಿಡಿಯಲು ಕಾಯುತ್ತಿದ್ದರು. ನಾನೂ ಹೋಗಿ ಐದನೆಯವನಾಗಿ ನಿಂತೆ. ಕೂಗಲಿಲ್ಲ, ಭಾಷಣ ಮಾಡಲಿಲ್ಲ. ನನ್ನ ಸರದಿ ಬಂದಾಗ ಎಲ್ಲರ ಲೋಟದಲ್ಲೇ ನೀರು ಬಗ್ಗಿಸಿಕೊಂಡು ಕುಡಿದೆ. ಸಂಸ್ಕೃತದ ಪಂಡಿತರು, “ಅಂಜನಮೂರ್ತಿ, ನಿಮ್ಮದು ಕಿಟಕಿಯಲ್ಲಿದೆ” ಎಂದರು. “ಇರಲಿ ಬಿಡಿ, ಸಾಲು ಇಲ್ಲಿದೆ” ಎಂದೆ. ಅರ್ಧ ಲೋಟ ನೀರನ್ನು ಅಂಗಿಯ ಮೇಲೇ ಚೆಲ್ಲಿಕೊಂಡೆ. ಬೇರೆಯವರ ಹತ್ತಿರ ಹೇಳಬೇಡ.

ನೀರು ಕುಡಿದ ಮೇಲೆ ಅಧ್ಯಕ್ಷರ ಮನೆಗೆ ಹೋಗುವುದು ಕಷ್ಟವಾಗಲಿಲ್ಲ. ಮೂರನೆಯ ಅಧ್ಯಾಯವನ್ನು ಮುಂದಿಟ್ಟೆ. “ಇದು ಇನ್ನೂ ಹೋಗಲಿಲ್ಲವೇ?” ಎಂದರು. “ಹೋಗುವುದಿಲ್ಲ ಸಾರ್, ಇದು ಹೋದರೆ ಝಾರ್ ಯಾಕೆ ಬಿದ್ದ ಎಂದು ನನಗೇ ತಿಳಿಯುವುದಿಲ್ಲ” ಎಂದೆ. “ಹಾಗಾದರೆ ಪುಸ್ತಕವೂ ಹೋಗುವುದಿಲ್ಲ, ಅಚ್ಚಿಗೆ” ಎಂದು ನಕ್ಕರು. ಕೆಲಸ ಖಾಯಂ ಆಗಲಿಲ್ಲ. ಪಾಠ ಹೇಳಲು ಬೇರೆ ಯಾರೂ ಸಿಗದ್ದರಿಂದ ಇನ್ನೊಂದು ವರ್ಷ ಹಂಗಾಮಿ. ಹಂಗಾಮಿಯಾಗಿಯೇ ಎಲ್ಲರ ಲೋಟದಲ್ಲಿ ಕುಡಿಯುತ್ತಿದ್ದೇನೆ. ಕಿಟಕಿಯ ಲೋಟದಲ್ಲಿ ಯಾರೋ ಹುಡುಗರು ದಾಸವಾಳದ ಕಡ್ಡಿ ನೆಟ್ಟಿದ್ದಾರೆ.

ಪುಸ್ತಕ ಅಚ್ಚಾಗದಿದ್ದರೂ ಚಿಂತೆಯಿಲ್ಲ. ಜಗಲಿಯಲ್ಲಿ ಓದಿಯಾಗಿದೆ. ಚರಿತ್ರೆ ಎರಡನೆಯ ಸಲ ಹಾಗೆಯೇ ನಡೆಯುವುದಿಲ್ಲ ಎಂದು ನಿನಗೆ ಉಪದೇಶ ಮಾಡಿದ್ದೆ. ಹಾಗೆಯೇ ನಡೆಯಲಿಲ್ಲ, ನಿಜ. ಅವರಲ್ಲಿ ಹಿಮ, ನಮ್ಮಲ್ಲಿ ಅನ್ನ. ಒಂದು ಅಡಿಟಿಪ್ಪಣಿ ಸೇರಿಸಬೇಕೆಂದಿದೆ, ನಿಮ್ಮ ಬುಧವಾರಗಳ ಬಗ್ಗೆ. ಬೈರಮ್ಮನವರ ಒಪ್ಪಿಗೆ ಕೇಳಿ ತಿಳಿಸು.

ನಿನ್ನ,
ಅಂಜನ


ಜೋಗುಪಾಳ್ಯ
೨೧ ಮಾರ್ಚಿ ೧೯೪೪

ಅಂಜನಾ,

ಲೋಟದ ವಿಷಯವನ್ನು ಜಗಲಿಯಲ್ಲಿ ಓದಿದೆ. ನಾಲ್ಕು ಸಲ ಓದಿಸಿದರು. ಬೇರೆಯವರ ಹತ್ತಿರ ಹೇಳಬೇಡ ಅಂದಿದ್ದೀಯ, ಇವರು ಬೇರೆಯವರಲ್ಲ. ಅವ್ವ ಅತ್ತಳು, ಆಮೇಲೆ ಮಂಡಿನೋವು ಅಂದಳು.

ಈಗ ಕೇಳು. ಕುಲ್ಸುಂನ ಅಣ್ಣ ಗಯಾಜ್ ಗೊತ್ತಲ್ಲ, ದಂಡಿನ ಪೇಟೆಯಲ್ಲಿ ಸಿನಿಮಾ ನೋಟೀಸು, ಮದುವೆ ಕಾರ್ಡು ಅಚ್ಚು ಹಾಕುವವನು. ಅವನ ಹತ್ತಿರ ಯುದ್ಧಕ್ಕೆ ಮೊದಲು ತಂದ ಗುಲಾಬಿ ಬಣ್ಣದ ನೋಟೀಸು ಕಾಗದ ಉಳಿದಿದೆಯಂತೆ. ಪುಸ್ತಕ ಪೂರ್ತಿ ಆಗುವುದಿಲ್ಲ, ಮೂರನೆಯ ಅಧ್ಯಾಯ ಆಗುತ್ತದೆ ಅಂದ. “ಟೀಚರಮ್ಮಾ, ಝಾರ್‌ನ ಮುತ್ತಜ್ಜನಿಗೆ ಕಾಗಜ್ ಕೊಡಲ್ಲ ನಾನು” ಅಂದ. ನಾನು ಒಪ್ಪಿಬಿಟ್ಟೆ. ನಿನ್ನನ್ನು ಕೇಳಲಿಲ್ಲ. ನಿನ್ನ ಕ್ರಾಂತಿ ಯುಗಾದಿಗೆ ಗುಲಾಬಿ ಬಣ್ಣದಲ್ಲಿ ಬರುತ್ತದೆ. ಸಿನಿಮಾ ನೋಟೀಸು ಅಂದುಕೊಂಡು ತೆಗೆದುಕೊಂಡವರೂ ಓದುತ್ತಾರೆ.

ಅಡಿಟಿಪ್ಪಣಿಗೆ ಬೈರಮ್ಮ ಒಪ್ಪಿದಳು. ಆದರೆ ಒಂದು ಷರತ್ತು. ಸೋತ ಬುಧವಾರವನ್ನೂ ಹಾಕಬೇಕಂತೆ. “ಅವತ್ತೂ ಕಾಲು ನೋವಾಗೈತೆ ಕಣಕ್ಕ, ಅದನ್ಯಾಕೆ ಬಿಡ್ಬೇಕು” ಅಂದಳು.

ಗಯಾಜ್ ಇನ್ನೊಂದು ತೊಂದರೆ ಹೇಳಿದ. ಇರುವ ಸಣ್ಣ ಕನ್ನಡ ಅಕ್ಷರವೆಲ್ಲ ಅಧ್ಯಾಯಕ್ಕೇ ಖರ್ಚಾಗಿ, ಟಿಪ್ಪಣಿಗೆ ಅಚ್ಚಿನ ಮೊಳೆ ಸಾಲದಂತೆ. ಉಳಿದಿರುವುದು ಸಿನಿಮಾದ ಹೆಸರು ಹಾಕುವ ದಪ್ಪ ಮರದ ಅಕ್ಷರ ಮಾತ್ರ. ಅದರಲ್ಲೇ ಹಾಕು ಅಂದೆ. ಈ ಸಲ ಯಾರೂ ಓದದೆ ಬಿಡುವ ಹಾಗಿಲ್ಲ. ಮೊದಲ ಹಾಳೆ ಈಗಷ್ಟೇ ಬಂತು, ಮಸಿ ಇನ್ನೂ ಆರಿಲ್ಲ, ನನ್ನ ಹೆಬ್ಬೆಟ್ಟು ಅದರ ಮೇಲೆ ಬಿದ್ದಿದೆ. ಕೆಳಗೆ, ಅರ್ಧ ಪುಟ ತುಂಬ, ಬೀದಿಯ ಆ ಕಡೆಯಿಂದಲೂ ಕಾಣುವ ಹಾಗೆ, ನಿನ್ನ ಪರವಾಗಿ ನಾನೇ ಬರೆದುಕೊಟ್ಟ ಟಿಪ್ಪಣಿ ಹೀಗಿದೆ:

ರಷ್ಯಾದ ಫೆಬ್ರವರಿ ಇಪ್ಪತ್ತಮೂರು ಎಂದರೆ ನಮ್ಮ ಮಾರ್ಚಿ ಎಂಟು. ಹಲಸೂರಿನ ಹೆಂಗಸರು ಎರಡು ದಿನವೂ ಹೋಗಿದ್ದರು.

ಅಕ್ಕ